ಹಸುವಿನ ಟ್ಯೂಬು, ಅಣ್ಣನ ಹಿಮ್ಮಡಿ

ಅಣ್ಣಾ,

ಹೇಗಿದ್ದೀಯ ಅಂತ ಕೇಳಿ ಕಾಗದ ಶುರು ಮಾಡುವುದಕ್ಕೆ ಕೈ ಬರುತ್ತಿಲ್ಲ. ಕೊನೆಗೆ ಹೇಗಿದ್ದೆ ಅಂತ ಕಣ್ಣಾರೆ ನೋಡಿದವಳು ನಾನು. ಅದಕ್ಕೇ ಕ್ಷೇಮಸಮಾಚಾರ ಬಿಟ್ಟು ನೇರವಾಗಿ ಬೈಗುಳಕ್ಕೇ ಬರುತ್ತೇನೆ. ನೀನಿದ್ದಿದ್ದರೆ "ಬಾಯ್ಮುಚ್ಚೇ ಸರೋಜಿ, ಪಾರ್ಲರ್ ಇಟ್ಮೇಲೆ ನಿಂಗೆ ಬಾಯಿ ಜಾಸ್ತಿ ಆಯ್ತು" ಅನ್ನುತ್ತಿದ್ದೆ. ಈಗ ಅನ್ನುವುದಕ್ಕೆ ಆಗುವುದಿಲ್ಲವಲ್ಲ, ಸುಮ್ಮನೆ ಕೇಳಿಸಿಕೋ.

ನಿನ್ನ ತಿಥಿಯ ದಿನ ಬಾಳೆಲೆಯ ಮೇಲೆ ಎಡೆ ಬಡಿಸಿದ್ದು ಸೊಣ್ಣಪ್ಪ ಮಾವ. ಸೋದರಮಾವ ಅಲ್ಲವೇ, ಮುಂದೆ ನಿಂತು ಮಾಡಬೇಕಾದವನು. ನಿನಗೆ ಇಷ್ಟವಾದದ್ದೆಲ್ಲ ಇತ್ತು. ಮುದ್ದೆ, ಮಟನ್ ಸಾರು, ಕೈಮಾ ಉಂಡೆ, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬ್ರಾಂದಿ. ಕೈಮುಗಿಯಲು ಬಗ್ಗಿದವಳಿಗೆ ಉಂಡೆಯ ಪಕ್ಕದಲ್ಲಿ ಇನ್ನೊಂದು ವಸ್ತು ಕಂಡಿತು. ಹಸುವಿನ ಕೆಚ್ಚಲು ಬಾತಾಗ ಮೊಲೆಯೊಳಕ್ಕೆ ಬಿಡುವ ಔಷಧಿಯ ಟ್ಯೂಬು, ಉದ್ದ ಮೂತಿಯದು. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು! "ಏನ್ ಮಾವ ಇದು?" ಅಂದೆ. "ಕೊನೇಗಳಿಗೇಲಿ ಅವ್ನು ಕೇಳಿದ್ದು ಅದನ್ನೇ ಅಲ್ವೇನಮ್ಮಿ? ಆಸೆ ಉಳಿಸ್ಕೊಂಡು ಅಲೀಬಾರ್ದು. ಇರ್ಲಿ, ಅದೂ ಒಂದು ಇರ್ಲಿ" ಅಂದ. ಎದ್ದು ಹಿತ್ತಿಲಿಗೆ ಹೋಗಿ ನಿಂತುಕೊಂಡೆ.

ಅಲ್ಲಿಗೇ ಮುಗಿಯಿತು ಅಂದುಕೊಂಡೆಯಾ? ಊಟವಾದ ಮೇಲೆ ನಡುಮನೆಗೆ ಬಂದರೆ ಮಾವ ಚಾಪೆಯ ಮೇಲೆ ನಿನ್ನ ಆಸ್ಪತ್ರೆಯ ಕೈಚೀಲ ಸುರಿದುಕೊಂಡು ಕೂತಿದ್ದಾನೆ. ನಿನಗೆ ಬರೆಸಿ ತಂದು ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಪ್ರಸಾದ ಹಂಚಿದ ಹಾಗೆ ಹಂಚುತ್ತಿದ್ದಾನೆ. ಕೆಮ್ಮು ಅಂದವರಿಗೆ ಒಂದಿಷ್ಟು, ಹಲ್ಲುನೋವು ಅಂದವರಿಗೆ ಒಂದಿಷ್ಟು, ಕತ್ತರಿಯಲ್ಲಿ ಕತ್ತರಿಸಿ ಕತ್ತರಿಸಿ. "ಭಾಳ ಪವರ್ ಇರೋ ಮಾತ್ರೆ ಕಣ್ರಪ್ಪ, ಸುಮ್ನೆ ತಿಪ್ಪೆಗೆ ಎಸೆಯೋದಾ? ಮನೇಲಿ ಇರ್ಲಿ." ನನಗೆ ತಡೆಯಲಾಗಲಿಲ್ಲ. "ಅಷ್ಟೊಂದು ಪವರ್ ಇದ್ದಿದ್ರೆ ನಮ್ಮಣ್ಣ ಯಾಕೆ ಫೋಟೊದಲ್ಲಿ ಕೂತಿರ್ತಿದ್ದ?" ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಯಾವಳೋ ಹಿಂದಿನಿಂದ "ಮೊಖಕ್ಕೆ ಬಣ್ಣ ಬಳಿಯೋಳು ಡಾಕ್ಟ್ರಾಗ್ಬಿಟ್ಳು" ಅಂದಳು. ಚಾಚಿದ ಕೈ ಮಾತ್ರ ಒಂದೂ ಹಿಂದಕ್ಕೆ ಹೋಗಲಿಲ್ಲ. ಆ ಕೈಗಳಲ್ಲಿ ಒಂದು ಪದ್ಮತ್ತಿಗೆಯದು, ನಿನ್ನ ಹೆಂಡತಿಯದು. ಇನ್ನೊಂದು ಕೈಯನ್ನು ಮೈಗೆ ತಾಗದ ಹಾಗೆ ಓರೆ ಹಿಡಿದುಕೊಂಡಿದ್ದಳು. ಕಂಕುಳಲ್ಲಿ ಕುರು ಎದ್ದಿದೆ, ಯಾರಿಗೂ ಹೇಳಬೇಡ ಅಂತ ಬೆಳಿಗ್ಗೆಯಷ್ಟೇ ನನ್ನ ಹತ್ತಿರ ಪಿಸುಗುಟ್ಟಿದ್ದಳು.

ನಿನಗೆ ಸೋರಿಯಾಸಿಸ್ ಶುರುವಾದ ಹೊಸದರಲ್ಲಿ ಇದೇ ಜನ ಏನು ಮಾಡಿದರು, ನೆನಪಿದೆಯಾ? ಮೊಣಕೈ, ಮೊಣಕಾಲು, ಬೆನ್ನು, ಎಲ್ಲ ಕಡೆ ಬೆಳ್ಳಗೆ ಹೊಟ್ಟೇಳುತ್ತಿತ್ತು. ಇದು ಅಂಟುರೋಗ ಅಲ್ಲ ಅಂತ ಹೊಸಕೋಟೆಯ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದರೂ ನಿನ್ನ ತಟ್ಟೆ ಲೋಟ ಕೊಟ್ಟಿಗೆಯ ಗೋಡೆಯ ಮೇಲಕ್ಕೆ ಹೋದವು. ಮಾವನ ಮಗಳ ಮದುವೆಯಲ್ಲಿ "ಒಳಗೆ ರಶ್ ಐತೆ ಕಣಪ್ಪಾ, ನೀನಿಲ್ಲೇ ತಿಂದ್ಬಿಡು" ಅಂತ ನಿನ್ನ ಊಟವನ್ನು ಹೊರಗೆ ನಿಂತಿದ್ದ ಟೆಂಪೊ ಹತ್ತಿರವೇ ಕಳಿಸಿದರು. ನೀನು ನಗುತ್ತಾ ಉಂಡೆ. ನಾನು ಆ ಮದುವೆಯಲ್ಲಿ ಮದುಮಗಳ ಮುಖಕ್ಕೆ ಅಲಂಕಾರ ಮಾಡುತ್ತಿದ್ದೆ, ವಿಷಯ ತಿಳಿದಾಗ ಬ್ರಶ್ ಎಸೆದು ಬರಬೇಕು ಅನ್ನಿಸಿತ್ತು. ನೀನು ಮುಟ್ಟಿದ ಚೆಂಬು ಮುಟ್ಟದ ಜನ ಅವರು. ಸತ್ತ ಮೇಲೆ ನಿನ್ನ ಮಾತ್ರೆಗೆ ಮಾತ್ರ ಮೈಲಿಗೆ ಇರಲಿಲ್ಲ.

ಹಾಗಂತ ನೀನೇನು ಕಡಿಮೆಯೇ? ಒಂದು ಬೆಳಿಗ್ಗೆ ಹಾಲಿಗೆಂದು ಕೊಟ್ಟಿಗೆಗೆ ಬಂದಾಗ ನೀನು ಕಾಲು ಮಡಚಿಕೊಂಡು, ಸೀಮೆಹಸುವಿಗೆ ಬಿಟ್ಟು ಉಳಿದ ಟ್ಯೂಬನ್ನು ಹಿಮ್ಮಡಿಯ ಸೀಳಿನೊಳಕ್ಕೆ ಒತ್ತುತ್ತಿದ್ದೆ. "ಥೂ, ಏನಣ್ಣಾ ಇದು!" ಅಂದರೆ, "ಹಾಲು ಕೊಡೋ ಕೆಚ್ಚಲೇ ವಾಸಿ ಆಗ್ತದಂತೆ, ನನ್ನ ಹಿಮ್ಮಡಿ ಯಾವ ಲೆಕ್ಕ ಕಣೇ?" ಅಂದೆ. ಮೊದಲ ಸಲ ಕೀವು ಒಣಗಿತ್ತು, ನಿಜ. ಅದೇ ನಿನಗೆ ಮುಳುವಾಯಿತು. ಆಮೇಲೆ ಮೈಮೇಲೆ ಎಲ್ಲಿ ಕೆರೆದು ಗಾಯವಾದರೂ ಅದೇ ಟ್ಯೂಬು. ಕೊಟ್ಟಿಗೆಯ ಗೂಡಿನಲ್ಲಿ ವಿಭೂತಿಗಟ್ಟಿಯ ಪಕ್ಕ ಅದಕ್ಕೊಂದು ಜಾಗ. ಡಾಕ್ಟರು ಕೊಟ್ಟ ಮುಲಾಮು ಹಚ್ಚು ಅಂದರೆ ಅದು ನಿಧಾನ ಅನ್ನುತ್ತಿದ್ದೆ. ನಾನು ಬೈದೆ, ಅತ್ತುಬಿಟ್ಟೆ, ಟ್ಯೂಬು ಎತ್ತಿ ಬಿಸಾಡಿದೆ. ಮಾರನೇ ದಿನ ಅಲ್ಲಿ ಹೊಸದು ಬಂದಿರುತ್ತಿತ್ತು.

ಅದೇ ಕೊಟ್ಟಿಗೆಯಲ್ಲಿ ಕಂಡ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಟ್ಯೂಬು ಬಿಟ್ಟ ಹಸುವಿನ ಹಾಲನ್ನು ಕೆಲವು ದಿನ ಯಾರಿಗೂ ಕೊಡಬಾರದು ಅಂತ ಪಶುವೈದ್ಯರು ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು. ನೀನು ನಿನ್ನ ಮಗಳು ಹರ್ಷಿತಳಿಗೆ ಬೇರೆ ಹಸುವಿನ ಹಾಲು ಕಾಯಿಸಲು ಹೇಳುತ್ತಿದ್ದೆ. ಈ ಹಾಲನ್ನು ಕ್ಯಾನಿಗೆ ಸುರಿದು ಡೈರಿಗೆ ಹಾಕಿ ಬರುತ್ತಿದ್ದೆ. "ಅಷ್ಟೊಂದು ಹಾಲಲ್ಲಿ ಇದು ಯಾರಿಗೆ ಗೊತ್ತಾಗ್ತದೆ?" ಅಂದಿದ್ದೆ ನೀನು. ಕುಡಿಯುವವರ ಮನೆಯಲ್ಲೂ ಹರ್ಷಿತಳಂಥ ಮಕ್ಕಳು ಇರುವುದಿಲ್ಲವೇ ಅಣ್ಣಾ? ನಿನ್ನ ಮೇಲೆ ಪ್ರಾಣವೇ ಇಟ್ಟುಕೊಂಡಿದ್ದೆ. ಆದರೆ ಆ ಮಾತು ಕೇಳಿದ ಸಂಜೆ ನಿನ್ನ ಮನೆಯ ಕಾಫಿ ಕುಡಿಯಲು ನನಗೆ ಮನಸ್ಸಾಗಲಿಲ್ಲ.

ಕಾಲು ಊದಿಕೊಂಡ ದಿನ ನೀನು ಮೊದಲು ಹೋದದ್ದು ಕ್ರಾಸಿನ ಇಂಜೆಕ್ಷನ್ ಡಾಕ್ಟರ ಹತ್ತಿರ. ಚುಚ್ಚಿಸಿಕೊಂಡು ಬಂದೆ, ಜ್ವರ ಬಿಟ್ಟಿತು, ಹುಲ್ಲು ಕೊಯ್ಯಲು ಹೊರಟೆ. ಮತ್ತೆ ಜ್ವರ, ಮತ್ತೆ ಚುಚ್ಚು. ಕೊನೆಗೆ ಕಾಲಿನ ಚರ್ಮ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಸುಲಿದು ಬರತೊಡಗಿದಾಗ ನಾನೇ ಕಾರು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಚರ್ಮದ ವಾರ್ಡಿನ ಆ ವಾಸನೆ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ. ಕೀವು, ಫಿನಾಯಿಲು, ಹಳಸಿದ ಅನ್ನ, ಎಲ್ಲ ಸೇರಿಕೊಂಡ ವಾಸನೆ.

ಆ ವಾರ್ಡಿನ ಚಿಕ್ಕ ಡಾಕ್ಟರಮ್ಮ ನಿನ್ನ ಮಂಚದ ಹತ್ತಿರ ನಿಂತು, "ಇಷ್ಟು ದಿನ ಏನೇನು ಔಷಧಿ ಹಾಕ್ತಿದ್ರಿ?" ಅಂತ ಕೇಳಿದರು. ನೀನು ಮುಗ್ಧನ ಹಾಗೆ "ಏನೂ ಇಲ್ಲ ಮೇಡಂ, ಬರೀ ಕೊಬ್ರಿ ಎಣ್ಣೆ" ಅಂದೆ. "ಸುಳ್ಳು ಮೇಡಂ, ಹಸು ಕೆಚ್ಚಲಿಗೆ ಬಿಡೋ ಟ್ಯೂಬನ್ನ ಹಿಮ್ಮಡಿಗೆ ಬಿಟ್ಕೊಂತಾನೆ, ವರ್ಷಾನುಗಟ್ಟಲೆಯಿಂದ" ಅಂತ ನಾನು ಹೇಳಿದ್ದಕ್ಕೆ ಇಡೀ ವಾರ್ಡು ನಕ್ಕಿತು. ನೀನು ನನ್ನನ್ನು ನುಂಗುವ ಹಾಗೆ ನೋಡಿದೆ. ಡಾಕ್ಟರಮ್ಮ ನಗಲಿಲ್ಲ. "ಹಸುಗೆ ಕೊಡೋದೂ ನಿಮಗೆ ಕೊಡೋದೂ ಹೆಚ್ಚುಕಮ್ಮಿ ಒಂದೇ ಜಾತಿ ಔಷಧಿ ಕಣ್ರೀ. ನಿಮ್ಮ ಗಾಯದಲ್ಲಿರೋ ಕ್ರಿಮಿಗೆ ಅದು ಅಭ್ಯಾಸ ಆಗ್ಬಿಟ್ಟಿರುತ್ತೆ. ಕೀವು ಟೆಸ್ಟಿಗೆ ಕಳಿಸಿದ್ದಾರಾ?" ಕಳಿಸಿರಲಿಲ್ಲ. ಕೆಳಗಡೆ ಎಮರ್ಜೆನ್ಸಿಯಲ್ಲೇ ಇಂಜೆಕ್ಷನ್ ಶುರು ಮಾಡಿ ಮೇಲಕ್ಕೆ ದಬ್ಬಿದ್ದರು. ಇಷ್ಟು ಜ್ವರ ಇರುವವರಿಗೆ ತಡ ಮಾಡದೆ ಶುರು ಮಾಡಬೇಕು, ಅದು ತಪ್ಪಲ್ಲ ಅಂತ ಅವರೇ ಹೇಳಿದರು. ಆದರೆ ಅದಕ್ಕೆ ಮೊದಲು ಒಂದು ಹತ್ತಿಕಡ್ಡಿಗೆ ಕೀವು ತಾಗಿಸಿಕೊಳ್ಳಲು ಎಷ್ಟು ಹೊತ್ತು ಬೇಕಿತ್ತು?

ದೊಡ್ಡ ಡಾಕ್ಟರ ರೌಂಡ್ಸ್ ನೆನಪಿದೆಯಾ, ಹಿಂದೆ ಹತ್ತಾರು ಜನ ಕಟ್ಟಿಕೊಂಡು ಬರುತ್ತಿದ್ದದ್ದು? ನಿನ್ನ ಎಡಗಡೆಯ ಮಂಚದವನಿಗೂ ಸೋರಿಯಾಸಿಸ್ಸೇ. ಗಾಯವಿಲ್ಲ, ಜ್ವರವಿಲ್ಲ. ಇವನಿಗೆ ಆ್ಯಂಟಿಬಯೋಟಿಕ್ ಯಾಕೆ ಸಾರ್ ಅಂತ ಡಾಕ್ಟರಮ್ಮ ಮೆಲ್ಲಗೆ ಕೇಳಿದರೆ, ದೊಡ್ಡವರು ಮೊಬೈಲಿನಿಂದ ತಲೆ ಎತ್ತದೆ "ಇರ್ಲಿ ಬಿಡಮ್ಮ" ಅಂದರು. ಬಲಗಡೆಯ ಅಜ್ಜಿಗೆ ನೆಗಡಿಗೆಂದು ಅಂಗಡಿಯಲ್ಲಿ ಕೊಂಡು ನುಂಗಿದ ಆ್ಯಂಟಿಬಯೋಟಿಕ್ ಆಗಿಬರದೆ ಮೈಯೆಲ್ಲ ಬೊಬ್ಬೆ ಎದ್ದು ಸುಲಿದಿತ್ತು. ಅವಳ ಮಗ ದಿನಾ ಬಂದು "ಸ್ವಲ್ಪ ಸ್ಟ್ರಾಂಗಾಗಿರೋ ಆ್ಯಂಟಿಬಯೋಟಿಕ್ ಬರೀರಿ ಸಾರ್" ಅಂತ ಕೈಮುಗಿಯುತ್ತಿದ್ದ. ತಾಯಿಯ ಚರ್ಮ ಸುಟ್ಟದ್ದು ಅದೇ ಅಂತ ಎಷ್ಟು ಸಲ ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಬೇಡದವರಿಗೆಲ್ಲ ಬಾಟಲಿ ಏರುತ್ತಿತ್ತು. ಬೇಕಾಗಿದ್ದ ನಿನಗೆ ಒಂದೂ ನಾಟುತ್ತಿರಲಿಲ್ಲ. ಇದನ್ನು ನೋಡಿ ಸುಮ್ಮನಿರಬೇಕು ಅಂದರೆ ಮನುಷ್ಯರಿಗೆ ಎಂಥ ಗಟ್ಟಿ ಎದೆ ಇರಬೇಕು!

ರಿಪೋರ್ಟು ಬರುವ ಹೊತ್ತಿಗೆ ಮೂರು ಥರದ ಔಷಧಿ ಬದಲಾಗಿದ್ದವು. ಡಾಕ್ಟರಮ್ಮ ನನ್ನನ್ನು ಕಾರಿಡಾರಿಗೆ ಕರೆದು, "ಕೆಲಸ ಮಾಡೋ ಔಷಧಿ ಒಂದೆರಡೇ ಉಳಿದಿವೆ. ಅದನ್ನ ಕೊಡೋಣ ಅಂದ್ರೆ ಕಿಡ್ನಿ ಆಗಲೇ ಸೋತಿದೆ" ಅಂದರು. ನಾನು ಒಳಗೆ ಬಂದಾಗ ನೀನು ಕಣ್ಣು ಬಿಟ್ಟು, "ಸರೋಜೀ, ಗೂಡಲ್ಲಿ ಇನ್ನೊಂದು ಟ್ಯೂಬು ಐತೆ, ತಂದ್ಕೊಡೇ. ಇವ್ರದ್ಯಾವ್ದೂ ಆಗ್ತಿಲ್ಲ, ಅದೊಂದು..." ಅಂದೆ. ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಸೊಣ್ಣಪ್ಪ ಮಾವ ಅದನ್ನು ಕೇಳಿಸಿಕೊಂಡ. ಕೊನೆಯ ಮಾತಾಗಿ ಮಗಳ ಹೆಸರು ಹೇಳಬಾರದಿತ್ತೇ? ಅತ್ತಿಗೆಯನ್ನು ಕರೆಯಬಾರದಿತ್ತೇ?

ಈಗ ನೀನು ಕೇಳದೇ ಹೋದ ಸುದ್ದಿಗೆ ಬರುತ್ತೇನೆ. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಂದಗುಡಿಯ ನಿಮ್ಮ ಮನೆಗೆ ಬಂದರೆ ಹಾಲು ಕರೆಯುತ್ತಿದ್ದವಳು ಹರ್ಷಿತ. ಕಾಲೇಜಿಗೆ ಹೋಗಿಲ್ಲ. "ಅಮ್ಮಂಗೆ ಕೈ ಎತ್ತೋಕಾಗಲ್ಲ ಅತ್ತೆ, ಮುದ್ದೆ ತಿರುವೋಕೂ ಆಗ್ತಿಲ್ಲ" ಅಂದಳು. ಒಳಗೆ ಅತ್ತಿಗೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಸೆರಗು ಸರಿಸಿ ನೋಡಿದರೆ ಕಂಕುಳಲ್ಲಿ ನಿಂಬೆಹಣ್ಣಿಗಿಂತ ದಪ್ಪ, ಕೆಂಪಗೆ, ಮಿರಮಿರ ಮಿಂಚುತ್ತಿದೆ. ಅದರ ಮೇಲೆ ಬೆಳ್ಳಗೆ ಏನೋ ಮೆತ್ತಿದೆ. ಏನು ಅಂತ ಕೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು. ನಿನ್ನ ಎಡೆಗಿಟ್ಟಿದ್ದ ಟ್ಯೂಬು. ಎಲೆಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡಿದ್ದಳಂತೆ. "ಅವರೇ ಕೊಟ್ಟಂಗೆ ಅಂತ ಮಾವ ಅಂದ್ರು ಸರೋಜಾ. ಅವರ ಮಾತ್ರೇನೂ ನುಂಗಿದೆ. ಯಾವ್ದೂ..." ಅಂತ ಅತ್ತಳು. ಎಂದೂ ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿದ್ದಿಲ್ಲ, ಅವತ್ತು ಅನ್ನಿಸಿತು. ಅಪ್ಪನ ಹಿಂದೆ ಅಮ್ಮನೂ ಹೋದರೆ ಹುಡುಗಿಯ ಗತಿಯೇನು ಅಂತ ಅಲ್ಲೇ ನಿಂತು ಕಾರಿಗೆ ಫೋನು ಮಾಡಿದೆ.

ಅದೇ ಆಸ್ಪತ್ರೆ, ಅದೇ ವಾರ್ಡು. ಬಾಗಿಲಲ್ಲೇ ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದು ನಿಂತುಬಿಟ್ಟಳು. ನಿನ್ನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಚಿಕ್ಕ ಡಾಕ್ಟರಮ್ಮ ನಮ್ಮನ್ನು ಗುರುತು ಹಿಡಿದು, ಎಲ್ಲ ಕೇಳಿ, ಮುಟ್ಟಿ ನೋಡಿ, "ಜ್ವರ ಇಲ್ಲ, ಕೆಂಪು ಹರಡಿಲ್ಲ, ಒಳ್ಳೇದು. ಮೊದಲು ಕೊಯ್ದು ಕೀವು ತೆಗೆಸೋಣ. ಕೀವು ಟೆಸ್ಟಿಗೆ ಹೋಗ್ಲಿ. ಕೀವು ಹೋದ್ರೆ ಎಷ್ಟೋ ಸಲ ಅದೇ ಸಾಕು. ರಿಪೋರ್ಟ್ ಬರೋವರೆಗೂ ಆ್ಯಂಟಿಬಯೋಟಿಕ್ ಬೇಡ. ಜ್ವರ ಬಂದ್ರೆ ಆಗ ನೋಡೋಣ, ನಾನು ಇಲ್ಲೇ ಇರ್ತೀನಿ" ಅಂದರು. ಕೊಯ್ದಾಗ ಬಂದದ್ದನ್ನು ನಾನು ಬರೆಯುವುದಿಲ್ಲ, ನೀನು ಊಟ ಮಾಡುವ ಹೊತ್ತಾಗಿದ್ದರೆ ಕಷ್ಟ.

ಮಾರನೇ ದಿನ ಸೊಣ್ಣಪ್ಪ ಮಾವ ಬ್ರೆಡ್ಡು ಬಾಳೆಹಣ್ಣು ಹಿಡಿದುಕೊಂಡು ಬಂದ. ಮಂಚದ ಸುತ್ತ ನೋಡಿದ, ಮೇಲೆ ನೋಡಿದ. ಬಾಟಲಿ ಇಲ್ಲ, ಪೈಪಿಲ್ಲ, ಕೈಯಲ್ಲಿ ಸೂಜಿಯಿಲ್ಲ. "ಇದೆಂಥಾ ಆಸ್ಪತ್ರೆ? ಒಂದು ಡ್ರಿಪ್ಪಿಲ್ಲ, ಇಂಜೆಕ್ಷನ್ನಿಲ್ಲ! ಬಡವರು ಅಂತ ತಾತ್ಸಾರನಾ? ನಡೀರಿ, ಡಿಸ್ಚಾರ್ಜ್ ಮಾಡ್ಸಿ, ನಾನು ಬೇರೆ ಕಡೆ ಸೇರಿಸ್ತೀನಿ" ಅಂತ ಗಂಟಲು ಎತ್ತರಿಸಿದ. ಪಕ್ಕದವರೂ ಹೌದು ಹೌದು ಅಂದರು. ನಿಜ ಹೇಳಲೇ? ನನಗೂ ಒಂದು ಕ್ಷಣ ಹೆದರಿಕೆಯಾಯಿತು. ಹೆಚ್ಚುಕಡಿಮೆಯಾದರೆ ಊರೆಲ್ಲ ನನ್ನನ್ನೇ ತಿನ್ನುತ್ತದಲ್ಲ? ಆಗ ಎದ್ದು ಕೂತವಳು ನಿನ್ನ ಹೆಂಡತಿ. ಮಾವನ ಎದುರಿಗೆ ಯಾವತ್ತೂ ಗಟ್ಟಿಯಾಗಿ ಮಾತಾಡದವಳು. "ಅವರಿಗೆ ಎಲ್ಲಾ ಹಾಕಿದ್ರಲ್ಲ ಮಾವ, ಮೇಲಿಂದ ಕೆಳಗಿನವರೆಗೂ ಹಾಕಿದ್ರು. ಏನಾಯ್ತು? ನಾನೆಲ್ಲೂ ಬರಲ್ಲ. ನೀವು ಹೊರಡಿ" ಅಂದಳು. ಮಾವ ಬ್ರೆಡ್ಡನ್ನೂ ಕೊಡದೆ ಹಾಗೇ ತೆಗೆದುಕೊಂಡು ಹೋದ.

ಊತ ಇಳಿಯಿತು ಅಣ್ಣಾ. ಬರೀ ಕೀವು ತೆಗೆದು, ದಿನಾ ತೊಳೆದು ಬಟ್ಟೆ ಕಟ್ಟಿದ್ದಕ್ಕೇ ಇಳಿಯಿತು. ಆಮೇಲೆ ರಿಪೋರ್ಟು ಬಂತು. ನಿನ್ನ ಕಾಲಿನಲ್ಲಿದ್ದ ಥರದ ಕ್ರಿಮಿಯೇ ಅವಳ ಕಂಕುಳಲ್ಲೂ ಇತ್ತು. ಮಾವ ಹಂಚಿದ್ದ ಮಾತ್ರೆಗೆ ಅದು ಜಗ್ಗುವಂಥದ್ದೇ ಅಲ್ಲವಂತೆ, ಟ್ಯೂಬಿಗಂತೂ ಕೇಳಲೇಬೇಡ. ನಿನ್ನ ಸೋರಿಯಾಸಿಸ್ ಯಾರಿಗೂ ಅಂಟಲಿಲ್ಲ ನೋಡು, ಅಂಟಿದ್ದು ಇದು. ಟವೆಲ್ಲು ಹೊದಿಕೆ ಬಿಸಿನೀರಲ್ಲಿ ಒಗೆಯಿರಿ, ಹಾಲು ಕರೆಯುವ ಮುಂಚೆಯೂ ಆಮೇಲೂ ಕೈ ತೊಳೆಯಿರಿ, ಗಾಯ ಮುಚ್ಚಿಕೊಳ್ಳಿ ಅಂತ ಡಾಕ್ಟರಮ್ಮ ಹರ್ಷಿತಳನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಕೊಟ್ಟಿಗೆಯ ಗೋಡೆಯ ಮೇಲಿದ್ದ ನಿನ್ನ ತಟ್ಟೆಯನ್ನು ಅತ್ತಿಗೆ ಕುದಿಯುವ ನೀರಲ್ಲಿ ಅದ್ದಿ ತೊಳೆದು ಅಡುಗೆಮನೆಗೆ ತಂದಿಟ್ಟಿದ್ದಾಳೆ. ಈಗ ಅದರಲ್ಲಿ ಅವಳೇ ಉಣ್ಣುತ್ತಾಳೆ.

ಎಲ್ಲರೂ ಬದಲಾದರು ಅಂತ ಬರೆದರೆ ನೀನು ನಂಬುವುದಿಲ್ಲ, ಬದಲಾಗಿಯೂ ಇಲ್ಲ. ಮೊನ್ನೆ ನನ್ನ ಪಾರ್ಲರಿಗೆ ಒಬ್ಬಳು ಬಂದು, ಮುಖದ ಗುಳ್ಳೆಗೆ ಹಚ್ಚಿ ಅಂತ ಬ್ಯಾಗಿನಿಂದ ಒಂದು ಕ್ಯಾಪ್ಸೂಲು ತೆಗೆದಳು. ಬಿಚ್ಚಿ ಪುಡಿಯನ್ನು ಫೇಸ್‌ಪ್ಯಾಕಿಗೆ ಕಲಸಬೇಕಂತೆ! ಎಬ್ಬಿಸಿ ಕಳಿಸಿದೆ. ಸೊಣ್ಣಪ್ಪ ಮಾವ ಕೆಮ್ಮು ಬಂದಾಗಲೆಲ್ಲ ನಿನ್ನ ಮಾತ್ರೆ ಒಂದು ನುಂಗಿ, ಮೈ ಹಗುರಾದರೆ ಉಳಿದದ್ದನ್ನು ಸೂರಿಗೆ ಸಿಕ್ಕಿಸುತ್ತಾನೆ. ಆದರೆ ಅತ್ತಿಗೆ, ಹೋದ ತಿಂಗಳು ಹಸುವಿನ ಕೆಚ್ಚಲು ಮತ್ತೆ ಬಾತಾಗ ಪಶುವೈದ್ಯರನ್ನು ಕರೆಸಿ, ಮೊದಲು ಹಾಲು ಟೆಸ್ಟ್ ಮಾಡಿಸಿ ಸಾರ್ ಅಂದಳು. ಔಷಧಿ ಬಿಟ್ಟಷ್ಟು ದಿನವೂ, ಅವರು ಹೇಳಿದ ಗಡುವು ಮುಗಿಯುವವರೆಗೂ, ಆ ಹಾಲನ್ನು ಗುಂಡಿಗೆ ಸುರಿದಳು. ಸುರಿಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ, ಆದರೂ ಸುರಿದಳು.

ಈ ಅಮಾವಾಸ್ಯೆಗೆ ಹಿರಿಯರ ಹಬ್ಬ, ನೀನು ಅವರ ಸಾಲಿಗೆ ಸೇರಿದ ಮೇಲೆ ಮೊದಲನೆಯದು. ನಿನ್ನೆ ಮಾವ ಫೋನು ಮಾಡಿ, "ಟ್ಯೂಬು ತರಿಸಿಟ್ಟಿದ್ದೀನಿ ಕಣಮ್ಮಿ, ಎಡೇಲಿ ಇರ್ಲಿ" ಅಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲೇ ಕೂತಿದ್ದ ಅತ್ತಿಗೆ ಫೋನು ಕಿತ್ತುಕೊಂಡು, "ಬೇಡ ಮಾವ. ಅವರಿಗೆ ಅದು ಬೇಕೇ ಬೇಕು ಅಂದ್ರೆ ನನ್ನ ಕನಸಲ್ಲಿ ಬಂದು ಕೇಳ್ಲಿ, ಉತ್ತರ ನಾನು ಹೇಳ್ತೀನಿ" ಅಂತ ಇಟ್ಟುಬಿಟ್ಟಳು.

ಆದ್ದರಿಂದ ಮೊದಲೇ ತಿಳಿಸಿಬಿಡುತ್ತೇನೆ, ಎಲೆ ಮುಂದೆ ಬಂದು ಹುಡುಕಬೇಡ. ಕೈಮಾ ಉಂಡೆ ಇರುತ್ತದೆ, ಬೀಡಿ ಇರುತ್ತದೆ, ಕ್ವಾರ್ಟರೂ ಇರುತ್ತದೆ. ನಿನ್ನ ಕೊನೆಯ ಆಸೆ ಮಾತ್ರ ಇರುವುದಿಲ್ಲ, ಈ ವರ್ಷವೂ ಇಲ್ಲ, ನಾನಿರುವವರೆಗೆ ಯಾವ ವರ್ಷವೂ ಇಲ್ಲ. ಮುದ್ದೆ ತಿರುವುವವಳು ಅತ್ತಿಗೆ, ಎರಡೂ ಕೈಯಲ್ಲಿ. ಬೈದುಕೊಂಡಾದರೂ ಸರಿ, ಬಂದು ಉಂಡು ಹೋಗು.

ನಿನ್ನ ತಂಗಿ,
ಸರೋಜಿ